ಮೀನಿಗೆ ಚೆಲ್ಲತಿದ್ದ ಹಿಂಡಿಯ ಉಂಡೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಇಪ್ಪತ್ತೈದು ವರುಷದ ಠೇವಣಿ, ಸಾಲ, ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿ ಹೇಳಿದ್ದಾರೆ. ನಮಗೆ ಮಾತ್ರ "ಹಳೇ ಕಾಲದ್ದು ಎರಡು ಮಾತು ಹೇಳ್ರಿ" ಅಂದರು. ಹಳೇ ಕಾಲ ಅಂದಕೂಡಲೆ ಬಯಲಾಟ, ಜಾತ್ರೆಯ ಮಾತು ಬರುವುದು ರೂಢಿ. ನಾವು ಹೊಳಿ ದಂಡಿಯ ಮಂದಿ, ಹಿಂಡಿಯ ಮಾತು ಹೇಳತೇವಿ. ಎಮ್ಮಿಗೆ ಹಾಕುವ ಅದೇ ಹಿಂಡಿ, ಆದರ ಮೀನಿಗೆ.

ಮುಳ್ಳಿಗೆ ಹುಳ ಚುಚ್ಚಿ ಬೆಂಡು ನೋಡಿಕೋತ ಕೂಡುವುದೇ ಗಾಳ ಅಂತ ಈಗಿನ ಹುಡುಗರು ತಿಳಿದಾರ. ಅದು ಕಡೀ ಕೆಲಸ ನೋಡ್ರಿ. ಮೊದಲ ಕೆಲಸ ಮೀನನ್ನು ಕರೆಯುವುದು. ಗಾಳಕ್ಕ ಚುಚ್ಚುವುದು ಎರೆ. ನೀರಿಗೆ ಚೆಲ್ಲುವುದು ಮೇವು. ಎರಡೂ ಬೇರೆ. (ಎರೆ ಅಂದರ ನಮ್ಮ ಕಡೆ ಕರೀ ಮಣ್ಣೂ ಹೌದು, ಹುಳವೂ ಹೌದು, ಗಾಳದ ತಿನಿಸೂ ಹೌದು. ಮೂರೂ ಒಂದೇ ಉಂಡೆಯೊಳಗ ಕೂಡುತಿದ್ದವು ಅನ್ನುವುದು ಚಂದದ ಮಾತು.)

ನಮ್ಮ ಹಿರಿಯರು ಮಾಡುತ್ತಿದ್ದ ರೀತಿ ಹೀಗಿತ್ತು. ಗಾಣಿಗರ ಮನೆಯಿಂದ ಶೇಂಗಾ ಹಿಂಡಿ, ಸಿಕ್ಕರೆ ಒಂದು ಚೂರು ಕುಸುಬಿ ಹಿಂಡಿ ತಂದು, ಕುಟ್ಟಿ, ಗಡಿಗೆಯಲ್ಲಿ ರಾತ್ರಿಯಿಡೀ ನೆನೆ ಹಾಕುವುದು. ಮುಂಜಾನೆ ಅದಕ್ಕ ಸಣ್ಣ ಹುಳಿ ವಾಸನಿ ಬಂದಿರಬೇಕು. ಕೊಳೆತ ವಾಸನಿ ಬಂದರ ಕೆಟ್ಟಿತು ಅಂತ ಲೆಕ್ಕ. ಅರೆಬೆಂದ ಜೋಳದ ನುಚ್ಚು, ಒಂದು ಹಿಡಿ ತೌಡು, ಆಮೇಲೆ ಎರಿಮಣ್ಣು ಕೂಡಿಸಿ ಮುಷ್ಟಿಯಷ್ಟು ಉಂಡೆ ಕಟ್ಟುವುದು. ಇಳಕಲ್ಲಿನ ನೇಕಾರ ಗೆಳೆಯರು ಹಾಸಿಗೆ ಹಚ್ಚಿ ಉಳಿದ ಗಂಜಿ ಕೊಟ್ಟರೆ ಅದೂ ಸೇರುತಿತ್ತು. ನೈಲಾನ್ ದಾರ ಬರೂಮುಂಚೆ ಅವರ ಮಗ್ಗದ ತುಂಡು ರೇಶಿಮೆ ಎಳೆಗಳನ್ನೇ ಹುರಿಮಾಡಿ ಗಾಳಕ್ಕ ಕಟ್ಟಿದ್ದೂ ಉಂಟು. ಕೆಲವರು ಇಂಗು ಹಾಕತಿದ್ದರು. ನಮ್ಮ ಅಜ್ಜ ಮಾತ್ರ "ಮೀನೇನು ಸಾರಿಗೆ ಒಗ್ಗರಣಿ ಕೇಳತದೇನೋ?" ಅಂತ ನಗತಿದ್ದ.

ಮಣ್ಣಿನ ಹದದಾಗ ಎಲ್ಲಾ ವಿದ್ಯೆ ಇತ್ತು. ಹರಿಯುವ ನೀರಿಗೆ ಮಣ್ಣು ಜಾಸ್ತಿ, ಉಂಡೆ ಭಾರವಾಗಿ ಸೀದಾ ತಳಕ್ಕ ಕೂಡಬೇಕು. ಕೆರೆಗೆ ಮಣ್ಣು ಕಡಿಮೆ. ನಡುನೀರಿನಲ್ಲಿ ಒಡೆದರೆ ಹಿಂಡಿಯೆಲ್ಲ ಸೆಳವಿನೊಳಗ ತೇಲಿ ಹೋಗಿ ಮೀನು ಅದರ ಹಿಂದೆ ಮುಂದಿನ ಊರಿಗೆ ಹೋಗತದ. ಅದಕ್ಕ ಮೊದಲು ಬಕೀಟಿನಲ್ಲಿ ಒಂದು ಉಂಡೆ ಬಿಟ್ಟು ನೋಡುವುದು. ಮಡುವಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಮೂರು ದಿನ ಬರೇ ಚೆಲ್ಲುವುದು. ಗಾಳ ಮುಟ್ಟುವ ಹಾಗಿಲ್ಲ. ನಾಲ್ಕನೇ ದಿನ ಕೂಡುವುದು. ಅಂದು ಚೆಲ್ಲುವುದೂ ಸ್ವಲ್ಪವೇ. ಹೊಟ್ಟಿ ತುಂಬಿದ ಮೀನು ಗಾಳ ಮೂಸುವುದಿಲ್ಲ. ವಾಸನಿ ತೋರಿಸಬೇಕು, ಊಟ ಹಾಕಬಾರದು.

ಇದಕ್ಕ ಬರುವುದು ಗೆಂಡೆಯ ಜಾತಿ. ತಳದ ಕೆಸರು ಕೆದರಿ ತಿನ್ನುವ ಮೀನು, ಬಾಯಿಯ ಮೀಸೆಯಿಂದಲೇ ರುಚಿ ನೋಡುವಂಥಾದ್ದು. ಕೊರವ, ಬಾಳೆಮೀನು ಹಿಂಡಿಗೆ ಬರುವುದಿಲ್ಲ. ಅವು ಹಿಂಡಿಗೆ ಬಂದ ಸಣ್ಣ ಮೀನಿಗೆ ಬರತಾವ. ಸಾಹುಕಾರನ ಮದುವಿಗೆ ಬಂದವರಲ್ಲಿ ಇಂಥವರೂ ಇರತಾರಲ್ಲರೀ!

ಇದು ಬಡವರ ಹೊಟ್ಟೆಪಾಡಿನ ಉಪಾಯ ಅಂತ ಯಾರೂ ಹಗುರಾಗಿ ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಈ ನಾಡೂ ಅವನ ರಾಜ್ಯದಲ್ಲೇ ಇತ್ತು. ಅದರಲ್ಲಿ 'ಮತ್ಸ್ಯವಿನೋದ' ಎಂದೇ ಒಂದು ಅಧ್ಯಾಯವಿದೆ. ಮೀನಿನ ಜಾತಿಗಳು, ಗಾಳ, ದಾರ, ಅವಕ್ಕೆ ಹಾಕಬೇಕಾದ ಎಳ್ಳಿನ ಹಿಂಡಿ, ಕಡಲೆ ಹಿಟ್ಟಿನ ಮೇವು, ಎಲ್ಲಾ ಬರೆದಿದೆ. ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಇದನ್ನು ವಿದ್ವಾಂಸರ ಗಮನಕ್ಕೆ ತಂದರು. ಅತ್ತ ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ ಎಂಬಾತ 1653ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ನಮ್ಮ ಗೆಂಡೆಯ ಬಳಗದ್ದೇ ಆದ ಒಂದು ಮೀನಿಗೆ ಮೊಳಕೆ ಬರಿಸಿದ ಬಾರ್ಲಿಯನ್ನು ಒಡೆದು ಕುದಿಸಿ, ತಳ ಮುಟ್ಟುವಂತೆ ಗಟ್ಟಿಯಾಗಿ ಹಿಂಡಿ ಹಿಂದಿನ ದಿನವೇ ಚೆಲ್ಲಬೇಕು ಅಂತಾನೆ. ನಮ್ಮ ಅಜ್ಜ ವಾಲ್ಟನ್ನನ್ನು ಓದಿರಲಿಲ್ಲ, ವಾಲ್ಟನ್ ನಮ್ಮ ಹೊಳಿ ನೋಡಿರಲಿಲ್ಲ. ಮೀನು ಮಾತ್ರ ಇಬ್ಬರಿಗೂ ಒಂದೇ ಪಾಠ ಕಲಿಸಿತ್ತು.

ಈಗ ಯಾಕೆ ಉಂಡೆ ಕೆಲಸ ಮಾಡುವುದಿಲ್ಲ ಅಂತ ಹುಡುಗರು ಕೇಳತಾರ. ಮೊದಲನೇದು, ಹಿಂಡಿಯೇ ಅದಲ್ಲ. ಎತ್ತಿನ ಗಾಣ ನಿಧಾನಕ್ಕ ತಿರುಗುತಿತ್ತು, ಹೆಚ್ಚು ಕಾಯುತಿರಲಿಲ್ಲ, ಹಿಂಡಿಯಲ್ಲಿ ಎಣ್ಣೆಯೂ ಕಂಪೂ ಉಳಿಯುತಿತ್ತು. ಮಿಲ್ಲು ಬಿಗಿಯಾಗಿ ಹಿಂಡತದ. ದ್ರಾವಕ ಹಾಕಿ ತೆಗೆಯುವ ಕಾರಖಾನೆಯಂತೂ ಎಣ್ಣೆಯ ಪಸೆಯನ್ನೂ ಬಿಡುವುದಿಲ್ಲ. ದನಕ್ಕ ಅದು ನಡೆದೀತು, ಮೀನಿಗೆ ಸಪ್ಪಗ.

ಎರಡನೇದು ಹೊಳಿ. ನವಿಲುತೀರ್ಥದ ಅಣೆಕಟ್ಟಾದ ಮೇಲೆ ಬಾದಾಮಿ ಸೀಮೆಯ ಮಲಪ್ರಭೆ ಬೇಸಿಗೆಯಲ್ಲಿ ಸೊರಗಿತು. ಕೂಡಲಸಂಗಮದ ತನಕ ನಾರಾಯಣಪುರದ ಹಿನ್ನೀರು ಬಂತು. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿ ತುಂಬಿದಾಗ ಘಟಪ್ರಭೆ ದಂಡೆಯ ಬಾಗಲಕೋಟೆಯ ಓಣಿಗಳೇ ನೀರಿಗೆ ಹೋಗಿ ನವನಗರ ಎದ್ದಿತು. ಪ್ರತಿ ಮಡುವಿಗೂ ಹೆಸರಿತ್ತು, ಎಲ್ಲಿ ಕಲ್ಲು, ಎಲ್ಲಿ ಉಸುಕು ಅಂತ ಗೊತ್ತಿತ್ತು. ಸಮುದ್ರದಂಥ ಹಿನ್ನೀರಿನಲ್ಲಿ ಉಂಡೆ ಎಲ್ಲಿ ಒಗೀಬೇಕು ಹೇಳ್ರಿ? ಅಲ್ಲಿ ಬಲೆಯೇ ಸರಿ, ಅದಕ್ಕ ನಮ್ಮ ತಕರಾರಿಲ್ಲ. ಬಿತ್ತನೆ ಮೀನಿನ ಗುಣವೂ ಬೇರೆ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ತಳಕ್ಕ ಉಂಡೆ ಒಗೆದು ಕಾಟ್ಲಾ ಬರಲಿಲ್ಲ ಅಂತ ಕೂತರೆ ತಪ್ಪು ಯಾರದು?

ಆದರೆ ಕೆರೆ ಇದೆಯಲ್ಲ. ಮೀನು ಸಾಕುವವರು ಇಂದಿಗೂ ಶೇಂಗಾ ಹಿಂಡಿ, ತೌಡು ಸಮಸಮ ಕೂಡಿಸಿ ಹಾಕತಾರ. ಅಂದರ ಅಜ್ಜನ ಗಡಿಗೆಯೇ ದೊಡ್ಡದಾಗಿದೆ ಅಷ್ಟೇ. ಬೇಸಿಗೆಯ ನಿಂತ ನೀರಿಗೆ ಅತಿಯಾಗಿ ಸುರಿದರೆ ಹಿಂಡಿ ಕೊಳೆತು ನೀರಿನ ಪ್ರಾಣವಾಯು ತಿಂದು, ನಸುಕಿನಲ್ಲಿ ಮೀನು ಬಾಯಿ ತೆರೆದು ಮೇಲೆ ಬರತಾವ. ಹಳಬರು ಹಿಡಿಯಲ್ಲಿ ಅಳೆದು ಹಾಕತಿದ್ದರು, ಚೀಲದಲ್ಲಿ ಅಲ್ಲ.

ಈಗ ಸಂಘಕ್ಕೆ ನಮ್ಮ ಮಾತು. ಮುಂದೆ ಬಂದು ಹೇಳುವ ಧೈರ್ಯ ಹಲವರಿಗಿಲ್ಲ, ಅದಕ್ಕ ನಾವೇ ಹೇಳತೇವಿ. ಕೆರೆ ಗುತ್ತಿಗೆ ಹಿಡಿದಂದಿನಿಂದ ಗಾಳದವರನ್ನು ದಂಡೆಯಿಂದ ಎಬ್ಬಿಸುವುದು ನಡೆದಿದೆ. ಬಿತ್ತನೆಗೆ ದುಡ್ಡು ಹಾಕಿದವರ ಸಂಕಟ ನಮಗೂ ತಿಳೀತದ. ಆದರೆ ಗಾಳ ಹಿಡಿದ ನಾಲ್ಕು ಮುದುಕರಿಂದ ಕೆರೆ ಬರಿದಾಗುವುದಿಲ್ಲ. ಕೆರೆ ಬರಿದು ಮಾಡುವುದು ತೋಟಾ ಹಾರಿಸುವವರು, ರಾತ್ರಿ ವಿಷ ಬೆರೆಸುವವರು. ದಂಡೆಯ ಮೇಲೆ ಮುಂಜಾನೆಯಿಂದ ಕೂತಿರುವ ಗಾಳದವನೇ ಅವರನ್ನು ಮೊದಲು ಕಾಣುವ ಕಾವಲುಗಾರ. ಅವನಿಗೆ ಸಂಬಳವೂ ಇಲ್ಲ. ಬಲೆ ಎಳೆದು ಮುಗಿದ ಮೇಲೆ, ವರುಷದಲ್ಲಿ ಎರಡು ತಿಂಗಳು, ಸಂಘದ ಚೀಟಿ ಕೊಟ್ಟು, ಊರಿನ ಗಾಳದವರಿಗೆ ಒಂದು ದಂಡೆ ಬಿಟ್ಟುಕೊಡಬೇಕು. ಚೀಟಿಗೆ ದುಡ್ಡು ಇಡ್ರಿ, ಕೊಡತೇವಿ. ಇದನ್ನು ಮುಂದಿನ ಸರ್ವಸಾಧಾರಣ ಸಭೆಯ ವಿಷಯಪಟ್ಟಿಗೆ ಹಾಕಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.

ಇನ್ನೊಂದು. ಪೇಟೆಯಲ್ಲಿ ಈಗ ಮತ್ತ ಮರದ ಗಾಣದ ಎಣ್ಣೆಗೆ ಗಿರಾಕಿ ಬಂದಾರ, ಮೋಟಾರು ಹಚ್ಚಿ ತಿರುಗಿಸತಾರ. ಅಲ್ಲಿಯ ಹಿಂಡಿ ತರಿಸಿ ಗೋದಾಮಿನ ಒಂದು ಮೂಲೆಯಲ್ಲಿ ಇಟ್ಟರೆ ಎಮ್ಮಿಯವರಿಗೂ ಆದೀತು, ನಮಗೂ ಆದೀತು.

ಉಂಡೆ ಕಟ್ಟುವ ಹದ ಬಲ್ಲವರು ನಮ್ಮ ಓಣಿಯಲ್ಲಿ ಇನ್ನು ಮೂವರೇ ಉಳಿದೇವಿ. ಕಲಿಯುವ ಹುಡುಗರು ಇದ್ದರ ನಾಳೆ ಹೊತ್ತು ಹುಟ್ಟೂಮುಂಚೆ ಕೆರೆಯ ಕೋಡಿ ಕಡೆ ಬರ್ರಿ. ಹಿಂಡಿ ಇವತ್ತು ರಾತ್ರಿ ನೆನೆ ಹಾಕತೇವಿ.