ನಮ್ಮ ಬೇಲಿಯ ಗೌರಿ ಹೂವು

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಷೇರು, ಸಾಲ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಒಪ್ಪಿಸಿದ್ದಾರೆ. ಯಾವ ಲೆಕ್ಕಕ್ಕೂ ಬಾರದ ಒಂದು ಬಳ್ಳಿಯ ಬಗ್ಗೆ ನಾವು ನಾಲ್ಕು ಮಾತು ಆಡ್ತೀವಿ.

ಮುಂಗಾರು ಹಿಡಿದ ಮೇಲೆ ಬೇಲಿಸಾಲಿನಲ್ಲಿ ತಾನಾಗಿ ಏಳುವ ಬಳ್ಳಿ ಇದು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದು ಮೇಲೇರುತ್ತದೆ. ಅಲೆಅಲೆಯಾದ ಆರು ಎಸಳು ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಮೊದಲು ಹಳದಿ, ಬರಬರುತ್ತಾ ಕೆಂಪು. ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಅರಳುವ ಇದು ಗೌರಿ ಹೂವು. ಉರಿಯುವ ಬೆಂಕಿಯಂತೆ ಕಾಣುವುದಕ್ಕೆ ಅಗ್ನಿಶಿಖೆ. ಅಕ್ಕತಂಗಿ ಬಳ್ಳಿ, ಕೋಳಿಕುಟುಮ, ಕರಡಿಕಣ್ಣಿನ ಗೆಡ್ಡೆ ಅಂತ ಕರೆಯೋರೂ ಇದ್ದಾರೆ. ಸಂಸ್ಕೃತದಲ್ಲಿ ಲಾಂಗಲಿ, ಲಾಂಗಲ ಅಂದರೆ ನೇಗಿಲು. ಇದರ ಗೆಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ. ತಮಿಳರೂ ನೇಗಿಲ ಗೆಡ್ಡೆ ಎಂಬ ಅರ್ಥದಲ್ಲೇ ಕಲಪ್ಪೈ ಕಿಳಂಗು ಅಂತಾರೆ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಹೆಸರು ಇಷ್ಟಿದ್ದರೂ ಮಕ್ಕಳಿಗೆ ನಾವು ಹೇಳಿಕೊಡೋದು ಪೂಜೆಯ ಹೆಸರೊಂದೇ. ಹಿರಿಯರು ಇನ್ನೊಂದು ಹೆಸರನ್ನೂ ಇಟ್ಟಿದ್ದರು: ಗರ್ಭನುತ್, ಅಂದರೆ ಗರ್ಭವನ್ನು ಹೊರದೂಡುವುದು. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಬಳ್ಳಿಯ ಎಲ್ಲ ಭಾಗವೂ ವಿಷವೇ. ಗೆಡ್ಡೆ, ಬೀಜಗಳಲ್ಲಿ ಹೆಚ್ಚು. ಕಾಲ್ಚಿಸಿನ್ ಎಂಬ ಆ ವಿಷ ಮೈಯ ಜೀವಕೋಶಗಳು ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಗೆಣಸು ಎಂದು ತಿಳಿದು ತಿಂದವರಿಗೆ ಕೆಲವು ಗಂಟೆಗಳ ನಂತರ ವಾಂತಿ, ಭೇದಿ ಶುರುವಾಗುತ್ತದೆ. ಅದು ನಿಂತಿತು ಅಂತ ಸುಮ್ಮನಾಗಬಾರದು. ಅಪಾಯ ಆಮೇಲೂ ಇರುತ್ತದೆ, ಜೀವವೇ ಹೋಗಬಹುದು. ಯಾರಾದರೂ ತಿಂದದ್ದು ಗೊತ್ತಾದರೆ ಮನೆಮದ್ದು ಬೇಡ. ಬಳ್ಳಿಯ ತುಂಡನ್ನೂ ಜೊತೆಗಿಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಬಸುರಿಯರಿಗೆ, ಹೆರಿಗೆಗೆ ಈ ಗೆಡ್ಡೆ ಕೊಡಿ ಅಂತ ಯಾರೇ ಹೇಳಲಿ, ಕೇಳಬೇಡಿ.

ಹೆಸರನ್ನು ಮಾತ್ರ ನಂಬಿ ಔಷಧಿ ತರುವುದೂ ಸಲ್ಲ. ಅಮರಕೋಶದಲ್ಲಿ ಕುಂಕುಮಕೇಸರಿಗೂ ಅಗ್ನಿಶಿಖ ಎಂಬ ಹೆಸರಿದೆ. ಕೇಸರಿ ಎಲ್ಲಿ, ಈ ವಿಷದ ಗೆಡ್ಡೆ ಎಲ್ಲಿ!

ಹಾಗಂತ ಬಳ್ಳಿಯನ್ನು ಬೇರುಸಮೇತ ಕೀಳಿ ಅಂತ ನಾವು ಹೇಳ್ತಾ ಇಲ್ಲ. ಇದೇ ಕಾಲ್ಚಿಸಿನ್ನನ್ನು ವೈದ್ಯರು ಅಳೆದು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಮದ್ದು. ತಮಿಳುನಾಡಿನ ರೈತರು ಬೀಜಕ್ಕಾಗಿಯೇ ಇದನ್ನು ಚಪ್ಪರ ಕಟ್ಟಿ ಬೆಳೆಯುತ್ತಾರೆ. ಹಬ್ಬಕ್ಕೆ ಹೂವನ್ನಷ್ಟೇ ಕೊಯ್ಯೋಣ, ಕೊಯ್ದ ಕೈ ತೊಳೆಯೋಣ, ಗೆಡ್ಡೆ ಮಣ್ಣಲ್ಲೇ ಇರಲಿ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿದರೂ ಮರುವರ್ಷ ಆ ಗೆಡ್ಡೆಯಿಂದಲೇ ಚಿಗುರಬೇಕು.

ಈ ಸಲ ಗೌರಿ ಹಬ್ಬಕ್ಕೆ ಹೂ ತರಲು ಮಕ್ಕಳನ್ನು ಕಳಿಸುವ ಮುಂಚೆ ಎರಡು ಹೆಸರನ್ನೂ ಹೇಳಿಕೊಡಿ: ಇದು ಗೌರಿ ಹೂವು, ಇದು ವಿಷದ ಗೆಡ್ಡೆ.