ಐದು ನಿಮಿಷದ ಕಡಲು

ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ ಒನೊಮಿಚಿ ಎಂಬ ಪುಟ್ಟ ಬಂದರು ಊರಿದೆ. ಬೆನ್ನಿಗೆ ಗುಡ್ಡ, ಎದುರಿಗೆ ಕಡಲು. ನಡುವಿನ ಕಿರಿದಾದ ನೆಲದಲ್ಲೇ ರೈಲು, ರಸ್ತೆ, ಅಂಗಡಿಬೀದಿ. ಗುಡ್ಡದ ಎಷ್ಟೋ ಮನೆಗಳಿಗೆ ಕಲ್ಲಿನ ಮೆಟ್ಟಿಲುಗಳೇ ದಾರಿ, ಕಾರು ಅಲ್ಲಿಗೆ ಹತ್ತುವುದೇ ಇಲ್ಲ.

ನನಗೆ ಅಚ್ಚುಮೆಚ್ಚು ಅಲ್ಲಿನ ಫೆರ್ರಿ ದೋಣಿ. ಎದುರಿನ ಮುಕೈಶಿಮಾ ದ್ವೀಪಕ್ಕೆ ಐದೇ ನಿಮಿಷ. ಬೆಳಿಗ್ಗೆ ಸಮವಸ್ತ್ರದ ಮಕ್ಕಳು ಸೈಕಲ್ ತಳ್ಳಿಕೊಂಡು ಹತ್ತಿ, ಹ್ಯಾಂಡಲ್ ಹಿಡಿದೇ ನಿಂತಿರುತ್ತಾರೆ. ಇಳಿಜಾರು ಹಲಗೆ ದಡಕ್ಕೆ ತಾಗಿತೋ, ಪೆಡಲ್ ತುಳಿದು ಹೊರಟೇಬಿಡುತ್ತಾರೆ. ಆ ದ್ವೀಪದಿಂದ ಸೈಕಲ್ ದಾರಿ ಸೇತುವೆಯಿಂದ ಸೇತುವೆಗೆ ಸಾಗಿ, ಸುಮಾರು 70 ಕಿಲೋಮೀಟರ್ ಆಚೆಯ ಇಮಾಬರಿ ಮುಟ್ಟುತ್ತದೆ. ಆದರೆ ಶಾಲೆಯ ಮಕ್ಕಳೂ ವಯಸ್ಸಾದವರೂ ಯಾರ ಹಂಗೂ ಇಲ್ಲದೆ ದಿನವೂ ಕಡಲು ದಾಟುತ್ತಾರಲ್ಲ, ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ.

ದೋಣಿ ಮರಳುತ್ತದೆ. ಈ ದಡದಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಕಾಯುತ್ತಿರುತ್ತಾರೆ.