ಗ್ಯಾರೇಜಿನವರು ಕೊಟ್ಟ ಕಾರು, ಇನ್ಶೂರೆನ್ಸ್ ಯಾರದ್ದು?

ಗಾಡಿ ಓಡಿಸ್ತಾ ಕೇಳ್ತಿದ್ದರೆ ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಇವತ್ತಿನದು ನಾನೇ ಸಿಕ್ಕಿಹಾಕಿಕೊಂಡ ಕಥೆ.

ಕಳೆದ ವರ್ಷ ನನ್ನ ಕಾರಿನ ಕ್ಲಚ್ ಹೋಯ್ತು. ಗ್ಯಾರೇಜಿನಲ್ಲಿ ನಾಲ್ಕು ದಿನ ಆಗುತ್ತೆ ಅಂದ್ರು. ನನಗೋ ಮರುದಿನವೇ ಚನ್ನರಾಯಪಟ್ಟಣದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ನನ್ನ ಮುಖ ನೋಡಿ ಗ್ಯಾರೇಜಿನ ಅಣ್ಣ ಒಂದು ಕೀ ಕೈಗಿಟ್ಟರು. "ತಗೊಂಡ್ಹೋಗಿ ಸರ್, ಸುಮ್ನೆ ನಿಂತಿದೆ. ಪೆಟ್ರೋಲ್ ನೀವೇ ಹಾಕ್ಕೊಳ್ಳಿ." ಎಂಥಾ ಒಳ್ಳೆ ಮನುಷ್ಯ ಅಂದುಕೊಂಡು ಹೊರಟೆ. ಪೇಪರ್ ಕೇಳಲಿಲ್ಲ.

ಬೆಳ್ಳೂರು ಕ್ರಾಸ್ ಹತ್ತಿರ ಮುಂದೆ ಹೋಗ್ತಿದ್ದ ಬೈಕ್ ದಿಢೀರನೆ ಬಲಕ್ಕೆ ತಿರುಗಿತು. ಬ್ರೇಕ್ ಒತ್ತಿದೆ, ಆದರೂ ತಗುಲಿತು. ಹಾಲಿನ ಕ್ಯಾನ್ ಉರುಳಿ ರಸ್ತೆ ಬೆಳ್ಳಗಾಯ್ತು. ಬೈಕಿನಲ್ಲಿದ್ದ ಯಜಮಾನರು ಮೊಣಕೈ ಹಿಡಿದುಕೊಂಡು ಕೂತಿದ್ದರು. "ನಂಗೇನಾಗಿಲ್ಲ ಬಿಡಪ್ಪ, ಹಾಲು ಹೋಯ್ತಲ್ಲ" ಅಂದ್ರು. ಸುತ್ತ ಜನ ಸೇರಿದರು. ಯಾರೋ "ಇನ್ಶೂರೆನ್ಸ್ ಐತಾ?" ಅಂತ ಕೇಳಿದರು. ಡ್ಯಾಶ್‌ಬೋರ್ಡ್ ಬಾಕ್ಸ್ ತೆಗೆದೆ. ಆರ್‌ಸಿ ಸಿಕ್ಕಿತು, ಆದರೆ ಅದರಲ್ಲಿದ್ದದ್ದು ಗ್ಯಾರೇಜಿನ ಅಣ್ಣನ ಹೆಸರಲ್ಲ. ನಾನು ಯಾವತ್ತೂ ಕೇಳಿರದ ಹೆಸರು.

ಫೋನ್ ಮಾಡಿದೆ. "ಕಸ್ಟಮರ್‌ದು ಸರ್. ಪಾರ್ಟ್ ಬರೋಕೆ ಹತ್ತು ದಿನ ಇತ್ತು, ಅದಕ್ಕೇ..." ಅಂದ್ರು.

ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಏನಾಯ್ತು ಅಂತ ಹೇಳಲಾರೆ. ಎಂ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದೆ. ವಿಮೆ ಮುಗಿಯೋಕೆ ಇನ್ನು ನಾಲ್ಕೇ ದಿನ! ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ, ಠಾಣೆಗೂ ತಿಳಿಸಿದೆ. ಎಕ್ಸ್-ರೇಯಲ್ಲಿ ಮೂಳೆ ಸರಿ ಇತ್ತು. ನಿಶ್ಚಿತಾರ್ಥಕ್ಕೆ ತಲುಪುವಾಗ ಊಟದ ಎಲೆ ಎತ್ತಾಗಿತ್ತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಪಾಲಿಸಿ ಇರೋದು ಗಾಡಿಗೆ, ಓಡಿಸುವವನಿಗಲ್ಲ. ನನ್ನ ಕಾರಿಗೆ ಫುಲ್ ಇನ್ಶೂರೆನ್ಸ್ ಇತ್ತು ನಿಜ. ಆದರೆ ಅದು ನನ್ನ ಕಾರಿನ ಜೊತೆ ಗ್ಯಾರೇಜಿನಲ್ಲೇ ಕೂತಿತ್ತು, ನನ್ನ ಹಿಂದೆ ಬೆಳ್ಳೂರು ಕ್ರಾಸ್‌ಗೆ ಬರಲಿಲ್ಲ. ನಾನು ಓಡಿಸುತ್ತಿದ್ದ ಕಾರಿಗೆ ಯಾವ ಪಾಲಿಸಿಯೋ ಅದೇ ನನಗೂ ಗತಿ. ಆ ಪಾಲಿಸಿ ಸಾಮಾನ್ಯವಾಗಿ ಮಾಲೀಕನಲ್ಲದೆ ಬೇರೆ ಯಾರು ಓಡಿಸಿದರೂ ನಡೆಯುತ್ತೆ, ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಸಾಕು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಹೋಗಲಿ, ಯಜಮಾನರ ಕಾಲು ಮುರಿದಿದ್ದರೆ ಆ ಪರಿಹಾರದ ಹಣ ನಮ್ಮ ಜೇಬಿನಿಂದಲೇ ಬರಬೇಕಿತ್ತು.

ಪಾಲಿಸಿ ಇದ್ದರೂ ಸಣ್ಣ ಅಕ್ಷರ ಓದಬೇಕು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ, ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಕೆಲಸಕ್ಕೂ ಬಳಸುವಂತಿಲ್ಲ ಅಂತ ಬರೆದಿರುತ್ತೆ. ಗ್ಯಾರೇಜಿನವರು ವೈಟ್ ಬೋರ್ಡ್ ಕಾರು ಕೊಟ್ಟು "ದಿನಕ್ಕೆ ಐನೂರು ಕೊಡಿ ಸಾಕು" ಅಂದರೆ, ಅದು ಉಪಕಾರ ಅಲ್ಲ, ಬಾಡಿಗೆ. ಕಂಪನಿ ಕ್ಲೇಮ್ ತಿರಸ್ಕರಿಸೋಕೆ ಅಷ್ಟು ಸಾಕು.

ನಾವು ಮರೆಯೋದು ಇನ್ನೊಂದಿದೆ, ಅದು ಸ್ಟೀರಿಂಗ್ ಹಿಡಿದವನ ಪ್ರಾಣ. ಪಾಲಿಸಿಯಲ್ಲಿ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕನಿಗೆ, ಎರವಲು ತಂದವನಿಗಲ್ಲ. ನಮ್ಮ ಇಳಕಲ್ ಕಡೆಯದೇ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಒಬ್ಬರು ಪರಿಚಯದವರ ಬೈಕ್ ಪಡೆದು ಊರಿಗೆ ಹೊರಟಿದ್ದರು. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಕಬ್ಬಿಣದ ಶೀಟು ಹೇರಿದ್ದ ಎತ್ತಿನ ಗಾಡಿಗೆ ಬಡಿದು ತೀರಿಕೊಂಡರು. ಎರವಲು ತಂದವನು ಮಾಲೀಕನ ಸ್ಥಾನದಲ್ಲೇ ನಿಂತಂತೆ, ಹಾಗಾಗಿ 163-ಎ ಕಲಂ ಅಡಿ ಅವರ ಕುಟುಂಬ ಪರಿಹಾರ ಕೇಳುವಂತಿಲ್ಲ ಅಂತ 2009ರಲ್ಲಿ ಕೋರ್ಟ್ ಹೇಳಿತು. ಓದಿದಾಗ ನನಗೆ ನಿದ್ದೆ ಬರಲಿಲ್ಲ.

ನನ್ನ ಲೆಕ್ಕಕ್ಕೆ ಬಂದರೆ, ಆ ಕಾರಿಗಿದ್ದದ್ದು ಬರೀ ಥರ್ಡ್ ಪಾರ್ಟಿ. ಬಂಪರ್, ಹೆಡ್‌ಲೈಟ್ ಖರ್ಚು 14,500. ನಾನೂ ಗ್ಯಾರೇಜಿನವರೂ ಅರ್ಧರ್ಧ ಹಾಕಿಕೊಂಡೆವು. ಫುಲ್ ಇನ್ಶೂರೆನ್ಸ್ ಇದ್ದು ಕ್ಲೇಮ್ ಮಾಡಿದ್ದರೆ, ಏನೂ ಗೊತ್ತಿಲ್ಲದ ಆ ಮಾಲೀಕನ ನೋ ಕ್ಲೇಮ್ ಬೋನಸ್ ಹೋಗ್ತಿತ್ತು. ಅವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಬೈಗುಳ ತಿಂದೆ. ತಿನ್ನಬೇಕಾದದ್ದೇ.

ಅವರು ಬೈದ ಮೇಲೆ ಹೊಳೆಯಿತು. ಅವರ ಕಾರು ನನ್ನ ಕೈಯಲ್ಲಿದ್ದರೆ, ನನ್ನ ಕಾರು ಯಾರ ಕೈಯಲ್ಲಿತ್ತು? 1988ರಲ್ಲೇ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ರಿಪೇರಿಗೆ ಕೊಟ್ಟ ಕಾರನ್ನು ರಿಪೇರಿಯವನ ಕಡೆಯವರು ಓಡಿಸಿ ಯಾರಿಗಾದರೂ ಗುದ್ದಿದರೆ, ಆ ಮೂರನೆಯವರಿಗೆ ಮಾಲೀಕನ ವಿಮಾ ಕಂಪನಿಯೇ ಪರಿಹಾರ ಕೊಡಬೇಕು. ಗಾಯಗೊಂಡವರಿಗೆ ಅದು ನ್ಯಾಯವೇ. ಆದರೆ ನೋಟಿಸ್ ಬರೋದು ನಮ್ಮ ಮನೆಗೆ.

ನಾಲ್ಕು ದಿನ ಬಿಟ್ಟು ನನ್ನ ಕಾರು ತಗೊಂಡಾಗ ಓಡೋಮೀಟರ್ ನೋಡಿದೆ. ಬಿಟ್ಟಾಗ ಎಷ್ಟಿತ್ತು ಅಂತಲೇ ನೆನಪಿರಲಿಲ್ಲ. ಈಗ ಗ್ಯಾರೇಜಿಗೆ ಬಿಡುವಾಗ ಮೀಟರ್‌ನ ಫೋಟೊ ತೆಗೆದು, ಅಲ್ಲೇ ಅಣ್ಣನ ವಾಟ್ಸ್ಆ್ಯಪ್‌ಗೆ ಕಳಿಸ್ತೀನಿ. ಮೊನ್ನೆ ಕಳಿಸಿದಾಗ ಅವರು ಒಂದು ನಗುವ ಎಮೋಜಿ ಹಾಕಿ, "ಈ ಸಲ ಕಾರು ಬೇಕಾ ಸರ್?" ಅಂತ ಕೇಳಿದರು. ಬಸ್ಸಿಗೆ ಹೋದೆ.

ಮುಂದಿನ ವಾರ ಸಿಗೋಣ.